ಹಳೇ ವಿಡಿಯೋ ಗೇಮ್ ಪೆಟ್ಟಿಗೆಗೆ ಹೊಸ ಕೆಪ್ಯಾಸಿಟರ್



ರಜೆಯಲ್ಲಿ ನಾನು ಸೋದರಮಾವನ ಟಿ.ವಿ. ರಿಪೇರಿ ಅಂಗಡಿಗೆ ಹೋಗಿದ್ದೆ. ಅಲ್ಲಿಗೆ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ ಬಂದಿತ್ತು. ಹಿಂದೆ ಪೇಟೆಯಲ್ಲಿ ನಾಣ್ಯ ಹಾಕಿ ವಿಡಿಯೋ ಗೇಮ್ ಆಡುತ್ತಿದ್ದ ಯಂತ್ರ ಅದು. ಜಪಾನಿನಲ್ಲಿ ಹುಟ್ಟಿದ 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಆಟಗಳು ಇಂಥ ಪೆಟ್ಟಿಗೆಗಳಲ್ಲೇ ಜಗತ್ತು ಸುತ್ತಿದವು. ಸ್ವಿಚ್ ಹಾಕಿದಾಗ ಶಬ್ದವೇನೋ ಚೆನ್ನಾಗಿ ಬಂತು. ಆದರೆ ಚಿತ್ರ ಹಾವಿನ ಹಾಗೆ ಬಳುಕುತ್ತಿತ್ತು, ಮೇಲ್ಭಾಗ ಮಡಚಿಕೊಂಡಿತ್ತು.

"ಕೆಪ್ಯಾಸಿಟರ್ ಒಣಗಿವೆ ಕಣೋ" ಅಂದ್ರು ಮಾವ. "ಒಣಗೋಕೆ ಅದೇನು ಹಪ್ಪಳಾನಾ ಮಾವ?" ಅಂತ ಕೇಳಿದೆ. ಅವರು ಹೇಳಿದ್ದನ್ನೂ ಮಾಡಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಕೆಪ್ಯಾಸಿಟರ್ ಏನು ಮಾಡುತ್ತದೆ?

ಪಾಠದಲ್ಲಿ ಇದನ್ನು ಧಾರಕ ಎನ್ನುತ್ತಾರೆ. ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು, ಬೇಕಾದಾಗ ಕೊಡುವುದು ಇದರ ಕೆಲಸ. ನಮ್ಮೂರಿನ ಓವರ್‌ಹೆಡ್ ಟ್ಯಾಂಕನ್ನೇ ನೋಡಿ. ಪಂಪು ಬಿಟ್ಟು ಬಿಟ್ಟು ನೀರು ಹಾಕಿದರೂ ನಲ್ಲಿಯಲ್ಲಿ ನೀರು ಒಂದೇ ಸಮ ಬರುತ್ತದೆ. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆದರೂ ಅದು ಅಲೆ ಅಲೆಯಾಗಿಯೇ ಇರುತ್ತದೆ. ಆ ಅಲೆಯನ್ನು ಸಮ ಮಾಡುವುದು ದೊಡ್ಡ ಕೆಪ್ಯಾಸಿಟರ್. ಅದು ಸೋತರೆ ಅಲೆ ಚಿತ್ರಕ್ಕೇ ಬರುತ್ತದೆ. ಚಿತ್ರ ಬಳುಕಿದ್ದು ಅದಕ್ಕೇ. ಚಿತ್ರವನ್ನು ಮೇಲಿಂದ ಕೆಳಗೆ ಎಳೆಯುವ ಭಾಗದಲ್ಲೂ ಕೆಪ್ಯಾಸಿಟರ್‌ಗಳಿವೆ. ಅವು ಕೆಟ್ಟರೆ ಚಿತ್ರ ಕುಗ್ಗುತ್ತದೆ ಅಥವಾ ಮಡಚಿಕೊಳ್ಳುತ್ತದೆ.

ಒಣಗುವುದು ಹೇಗೆ?

ಈ ಜಾತಿಯ ಹೆಸರು ಎಲೆಕ್ಟ್ರೋಲೈಟಿಕ್. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದವಿಟ್ಟು, ಚಾಪೆಯಂತೆ ಸುರುಳಿ ಸುತ್ತಿ ಡಬ್ಬಿಯೊಳಗೆ ಇಟ್ಟಿರುತ್ತಾರೆ. ಯಂತ್ರದ ಬಿಸಿಗೆ ವರ್ಷಗಟ್ಟಲೆ ಕಾದು ಕಾದು ಆ ದ್ರವ ಆರುತ್ತದೆ. ಹೂಳು ತುಂಬಿದ ಕೆರೆಯ ಹಾಗೆ, ಹೊರಗೆ ನೋಡಲು ಹಾಗೇ ಇದ್ದರೂ ಒಳಗೆ ಹಿಡಿಯುವ ಶಕ್ತಿ ಇರುವುದಿಲ್ಲ. ಶಾಖ 10 ಡಿಗ್ರಿ ಕಡಿಮೆಯಾದರೆ ಇದರ ಆಯಸ್ಸು ಸುಮಾರು ಇಮ್ಮಡಿಯಾಗುತ್ತದಂತೆ.

ಎಲ್ಲಕ್ಕಿಂತ ಮುಖ್ಯವಾದ ಮಾತು

ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ವಿದ್ಯುತ್ ಉಳಿದಿರುತ್ತದೆ! ಬಣ್ಣದ ಟ್ಯೂಬಿಗೆ 20,000 ವೋಲ್ಟಿಗೂ ಹೆಚ್ಚು ಬೇಕು. ಆ ಗಾಜಿನ ಒಳಗೂ ಹೊರಗೂ ವಿದ್ಯುತ್ ಹರಿಯುವ ಲೇಪ ಇರುವುದರಿಂದ ಟ್ಯೂಬೇ ಒಂದು ದೊಡ್ಡ ಕೆಪ್ಯಾಸಿಟರ್ ಆಗಿಬಿಡುತ್ತದೆ. ಮಾವ ನನ್ನನ್ನು ದೂರ ನಿಲ್ಲಿಸಿದರು. ಸ್ಕ್ರೂಡ್ರೈವರ್‌ಗೆ ವೈರು ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಅರ್ತ್ ತಂತಿಗೆ ಸೇರಿಸಿದರು. ಒಂದು ಕೈ ಬೆನ್ನ ಹಿಂದಿಟ್ಟುಕೊಂಡು, ರಬ್ಬರ್ ಟೋಪಿಯ ಅಡಿಗೆ ಅದರ ತುದಿಯನ್ನು ತೂರಿಸಿದರು. 'ಟಪ್' ಅಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿದರು, ಯಾಕೆಂದರೆ ಸ್ವಲ್ಪ ವಿದ್ಯುತ್ ಮತ್ತೆ ಸೇರಿಕೊಳ್ಳಬಹುದು. ದೊಡ್ಡ ಕೆಪ್ಯಾಸಿಟರನ್ನೂ ಮೀಟರಿನಲ್ಲಿ ನೋಡಿದ ಮೇಲೇ ಬೋರ್ಡಿಗೆ ಕೈ ಹಾಕಿದರು.

ಬದಲಾಯಿಸುವ ಕ್ರಮ

1. ಮೊದಲು ಬೋರ್ಡಿನ ಚಿತ್ರ ಬರೆದುಕೊಳ್ಳಬೇಕು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಒಟ್ಟು 14 ಇದ್ದವು.
2. ಒಂದನ್ನು ತೆಗೆದು, ಅದರ ಜಾಗಕ್ಕೆ ಹೊಸದನ್ನು ಹಾಕಿದ ಮೇಲೆಯೇ ಇನ್ನೊಂದಕ್ಕೆ ಹೋಗಬೇಕು.
3. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು. ವೋಲ್ಟ್ ಅಷ್ಟೇ ಅಥವಾ ಸ್ವಲ್ಪ ಹೆಚ್ಚಿರಬಹುದು, ಕಡಿಮೆ ಇರಬಾರದು. 85 ಡಿಗ್ರಿಯದಕ್ಕಿಂತ 105 ಡಿಗ್ರಿಯದು ಒಳ್ಳೆಯದು.
4. ಪ್ಲಸ್, ಮೈನಸ್ ಅದಲುಬದಲಾಗಬಾರದು.
5. ಟ್ಯೂಬಿನ ಹಿಂದಿನ ಸಪೂರ ಕುತ್ತಿಗೆಗೆ ಪೆಟ್ಟಾಗಬಾರದು. ಅದು ಮುರಿದರೆ ಒಳಗೆ ಗಾಳಿ ನುಗ್ಗಿ ಟ್ಯೂಬೇ ಹಾಳು.

ನಾನು ಮಾಡಿದ ತಪ್ಪು

ಕೊನೆಯ ಮೂರನ್ನು ಬೆಸುಗೆ ಹಾಕಲು ಮಾವ ನನಗೇ ಬಿಟ್ಟರು. ಮುಗಿಸಿ ಸ್ವಿಚ್ಚಿಗೆ ಕೈ ಚಾಚಿದೆ. "ತಡಿ, ನಿನ್ನ ನೋಟ್‌ಬುಕ್ ತಗೊಂಡು ಬಾ" ಅಂದ್ರು. ಹೋಲಿಸಿ ನೋಡಿದರೆ ಒಂದು ತಿರುಗಾಮುರುಗಾ! ಬೋರ್ಡಿನ ಮೇಲೆ ಅಚ್ಚು ಹಾಕಿದ್ದು ಪ್ಲಸ್ ಗುರುತು. ಕೆಪ್ಯಾಸಿಟರ್ ಮೈಮೇಲಿನ ಪಟ್ಟಿ ಮೈನಸ್ಸಿನದು. ನಾನು ಪಟ್ಟಿಯನ್ನೇ ಪ್ಲಸ್ ಅಂದುಕೊಂಡಿದ್ದೆ. ಹಾಗೇ ಸ್ವಿಚ್ ಹಾಕಿದ್ದರೆ ಅದು ಕಾದು ಉಬ್ಬಿ ಸಿಡಿಯಬಹುದಿತ್ತು, ನಾನೋ ಅದರ ಮೇಲೇ ಬಗ್ಗಿ ನಿಂತಿದ್ದೆ. ಮಾವ ಬೈಯಲಿಲ್ಲ. "ಕೈ ತಪ್ಪುತ್ತೆ, ಅದಕ್ಕೇ ಬರೆದಿಡೋದು" ಅಂದ್ರು ಅಷ್ಟೇ. ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅದನ್ನು ಬಿಚ್ಚಿ ಸರಿಯಾಗಿ ಹಾಕಿ, ಎಲ್ಲವನ್ನೂ ಇನ್ನೊಮ್ಮೆ ನೋಡಿ, ದೂರ ನಿಂತು ಸ್ವಿಚ್ ಹಾಕಿದೆವು. ಸ್ವಲ್ಪ ಹೊತ್ತಿಗೆ ಟ್ಯೂಬ್ ಬಿಸಿಯಾಯಿತು. ಗೆರೆಗಳು ನೆಟ್ಟಗೆ ನಿಂತವು, ಮಡಿಕೆ ಹೋಯಿತು. ಖರ್ಚಾಗಿದ್ದು ಕೆಲವು ಪುಡಿ ಸಾಮಾನಿಗೆ ಮಾತ್ರ. ಅದು ಗುಜರಿಗೆ ಹೋಗಬೇಕಾಗಿದ್ದ ಪೆಟ್ಟಿಗೆ!

ಗೆಳೆಯರೇ, ನಮ್ಮಲ್ಲಿ ಎಷ್ಟೋ ಮನೆಗಳ ಅಟ್ಟದ ಮೇಲೆ ಹಳೇ ಡಬ್ಬಾ ಟಿ.ವಿ. ಇದೆ. ಅದರ ಒಳಗೂ ಇಂಥದೇ ಟ್ಯೂಬ್ ಇರುತ್ತದೆ. ಇದನ್ನು ಓದಿದೆವು ಎಂದು ದಯವಿಟ್ಟು ನೀವೇ ಬಿಚ್ಚಲು ಹೋಗಬೇಡಿ, ತಿಳಿದವರ ಪಕ್ಕದಲ್ಲಿ ನಿಂತು ಕಲಿಯಿರಿ. ಯಾವ ಕೆಲಸವೇ ಆಗಲಿ, ಬಿಚ್ಚುವ ಮೊದಲು ಬರೆದಿಡಿ.

– ನಿಮ್ಮ ಸಹಪಾಠಿ, 9ನೇ ತರಗತಿ