ವಸೂಲಾಗದ ಬಾಕಿಯೂ ವರ್ತಕನ ವಿವೇಚನೆಯೂ

'ಅದು ನನ್ನ ವಿವೇಚನೆಗೆ ಬಿಟ್ಟ ವಿಷಯ' ಎಂದು ಹೇಳುವಾಗ, ಮನಸ್ಸಿಗೆ ತೋಚಿದಂತೆ ತೀರ್ಮಾನಿಸುವ ಸ್ವಾತಂತ್ರ್ಯವೆಂಬ ಅರ್ಥವನ್ನೇ ನಾವು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತೇವೆ. ಆದರೆ ಸಂಸ್ಕೃತ ಮೂಲದಲ್ಲಿ ಈ ಪದಕ್ಕಿರುವ ಅರ್ಥ ಬೇರ್ಪಡಿಸುವುದು, ಕಾಳನ್ನೂ ಜೊಳ್ಳನ್ನೂ ಬೇರೆ ಮಾಡುವುದು ಎಂದು. ವರ್ತಕರ ಲೆಕ್ಕಪುಸ್ತಕಗಳಲ್ಲಿ ಈ ಕೆಲಸ ಅತ್ಯಂತ ಕಠಿಣವಾಗಿ ಎದುರಾಗುವುದು ಉದ್ದರಿ ಬಾಕಿಗಳ ಪಟ್ಟಿಯಲ್ಲಿ.

ಯಾವ ಬಾಕಿ ಮುಳುಗಿತು ಎಂಬುದನ್ನು ನಿರ್ಧರಿಸುವವರು ಯಾರು? 1961ರ ಆದಾಯ ತೆರಿಗೆ ಕಾಯಿದೆಯಲ್ಲಿ, 1989ರ ಏಪ್ರಿಲ್ 1ಕ್ಕೆ ಮುಂಚೆ, ಬಾಕಿಯು ಆ ವರ್ಷದಲ್ಲಿಯೇ ಮುಳುಗಿತೆಂದು ವರ್ತಕನು ಅಧಿಕಾರಿಯ ಮುಂದೆ ಸಿದ್ಧಪಡಿಸಬೇಕಾಗಿತ್ತು. ತಿದ್ದುಪಡಿಯ ನಂತರ, ವಸೂಲಾಗದೆಂದು ಲೆಕ್ಕದಲ್ಲಿ ಬರೆದುಹಾಕಿದರೆ ಸಾಕಾಯಿತು. ಟಿ.ಆರ್.ಎಫ್. ಲಿಮಿಟೆಡ್ ಪ್ರಕರಣದಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿತು. 2016ರಲ್ಲಿ ನೇರ ತೆರಿಗೆಗಳ ಕೇಂದ್ರ ಮಂಡಳಿಯೂ ಸುತ್ತೋಲೆಯ ಮೂಲಕ ಒಪ್ಪಿಕೊಂಡಿತು. 2025ರ ಹೊಸ ಕಾಯಿದೆಯಲ್ಲಿಯೂ ಇದೇ ತತ್ತ್ವವಿದೆ. ಅಂದರೆ ತೀರ್ಮಾನದ ಹೊಣೆ ಅಧಿಕಾರಿಯಿಂದ ವರ್ತಕನ ಹೆಗಲಿಗೆ ಬಂದಿದೆ. ಬರೀ 'ಸಂಶಯಾಸ್ಪದ ಬಾಕಿಗಳ ನಿಧಿ' ಎಂದು ಹೊಣೆಗಳ ಕಡೆ ತೋರಿಸಿದರೆ ಸಾಲದು, ಆ ಮೊತ್ತವು ಬಾಕಿಗಳಿಂದ ಕಳೆಯಲ್ಪಡಬೇಕು. ಬಾಕಿಯು ಹಿಂದೊಮ್ಮೆ ಮಾರಾಟದ ಆದಾಯವಾಗಿ ಲೆಕ್ಕಕ್ಕೆ ಬಂದಿರಬೇಕೆಂಬ ನಿಬಂಧನೆಯೂ ಉಂಟು. ಅಂಗಡಿಯ ಗಲ್ಲಾದಿಂದ ಭಾವಮೈದುನನಿಗೆ ಕೊಟ್ಟ ಕೈಗಡಕ್ಕೆ ಈ ಸೌಲಭ್ಯವಿಲ್ಲ!

ಸ್ವಾತಂತ್ರ್ಯ ದೊರೆತರೂ ಅನೇಕ ವರ್ತಕ ಬಾಂಧವರು ಅದನ್ನು ಬಳಸುವುದಿಲ್ಲ. ಬ್ಯಾಂಕಿನವರಿಗೆ ಅಢಾವೆ ಪತ್ರಿಕೆ ತುಂಬಿದಂತೆ ಕಾಣಬೇಕೆಂಬ ಆಸೆಯಿಂದ ಐದಾರು ವರ್ಷಗಳ ಬಾಕಿಗಳನ್ನು ಹಾಗೆಯೇ ಮುಂದಕ್ಕೆ ತರುತ್ತಾರೆ. ಪರಿಣಾಮವಾಗಿ, ಕೈಸೇರದ ಲಾಭದ ಮೇಲೆ ತೆರಿಗೆ ಕಟ್ಟಿ ಸುಮ್ಮನಿರುತ್ತಾರೆ. ಸರಕು ಮತ್ತು ಸೇವಾ ತೆರಿಗೆಯ ಪಾಡಂತೂ ಇನ್ನೂ ಕಷ್ಟಕರ. ಒಂದು ಲಕ್ಷ ರೂಪಾಯಿಯ ಸರಕಿಗೆ ಶೇ. 18ರ ದರದಲ್ಲಿ 18,000 ರೂಪಾಯಿ ಕಟ್ಟಿದ ಮೇಲೆ ಗಿರಾಕಿ ಕೈಯೆತ್ತಿದರೆ, ಬಾಕಿ ಮುಳುಗಿತೆಂಬ ಕಾರಣಕ್ಕೆ ಆ ತೆರಿಗೆ ಹಿಂದಿರುಗುವುದಿಲ್ಲ. ಆದ್ದರಿಂದ ವಿವೇಚನೆಯು ಮಾರ್ಚ್ ತಿಂಗಳಲ್ಲಿ ಅಲ್ಲ, ಬಿಲ್ಲು ಬರೆಯುವ ದಿನವೇ ಆರಂಭವಾಗಬೇಕು.

ತಡಮಾಡುವವರೆಲ್ಲರೂ ಕೆಟ್ಟ ಗಿರಾಕಿಗಳಲ್ಲ. ಸುಗ್ಗಿ ಮುಗಿಯುವವರೆಗೆ ಕಾಯಿಸಿ, ನಡುವೆ ಐದು ಹತ್ತು ಸಾವಿರ ಕೊಟ್ಟು, ಫೋನು ಮಾಡಿದಾಗ ಸಂಕೋಚದಿಂದಲಾದರೂ ಉತ್ತರಿಸುವವನು ಬಹುಮಟ್ಟಿಗೆ ನಂಬಬಹುದಾದವನು. ಹಣ ಕೇಳಿದಾಗ ಮಾತ್ರ ಆರು ತಿಂಗಳ ಹಿಂದಿನ ಸರಕಿನ ಗುಣಮಟ್ಟದ ದೂರನ್ನು ತೆಗೆಯುವವನ ವಿಷಯ ಬೇರೆ. ಹಳೆಯ ಬಾಕಿ ಉಳಿಸಿಕೊಂಡು ಎದುರಂಗಡಿಯಲ್ಲಿ ನಗದು ಕೊಟ್ಟು ಕೊಳ್ಳುವವನಲ್ಲಿ ಹಣವಿದೆ, ನಮಗೆ ಕೊಡುವ ಮನಸ್ಸಿಲ್ಲ. ಈ ಭೇದವನ್ನು ಯಾವ ಕಂಪ್ಯೂಟರ್ ತಂತ್ರಾಂಶವೂ ತೋರಿಸಲಾರದು. ಅದು ತೋರಿಸುವುದು ದಿನಗಳ ಲೆಕ್ಕವನ್ನಷ್ಟೇ. ವಸೂಲಿಗೆ ಓಡಾಡುವ ಹುಡುಗನನ್ನು ಕೂರಿಸಿಕೊಂಡು ಕೇಳುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಸಣ್ಣ ತಯಾರಕರಿಗೆ 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ಬಲವಿದೆ. ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಆದರೆ ವರ್ಷಕ್ಕೆ ಅರ್ಧದಷ್ಟು ಸರಕು ಕೊಳ್ಳುವ ದೊಡ್ಡ ಗಿರಾಕಿಯ ಮೇಲೆ ಅದನ್ನು ಪ್ರಯೋಗಿಸಬೇಕೆ? ಕಾಯಿದೆಯು ಹಕ್ಕನ್ನು ಕೊಟ್ಟಿದೆ, ಉತ್ತರವನ್ನು ಕೊಟ್ಟಿಲ್ಲ. ಒಬ್ಬನೇ ಗಿರಾಕಿಯನ್ನು ನೆಚ್ಚಿಕೊಂಡವನಿಗೆ ಆ ಹಕ್ಕು ಕಾಗದದ ಮೇಲಿನದಾಗಿಯೇ ಉಳಿಯುತ್ತದೆ.

ಬರೆದುಹಾಕಿದರೆ ಬಾಕಿಯನ್ನು ಮನ್ನಾ ಮಾಡಿದಂತಾಗುವುದೇ ಎಂದು ಕೇಳುವವರಿದ್ದಾರೆ. ಇಲ್ಲ. 2010ರ ವಿಜಯಾ ಬ್ಯಾಂಕ್ ತೀರ್ಪಿನ ಪ್ರಕಾರ ಒಬ್ಬೊಬ್ಬ ಸಾಲಗಾರನ ಖಾತೆಯನ್ನು ಮುಚ್ಚಬೇಕಾದ ಅಗತ್ಯವೂ ಇಲ್ಲ. ವಸೂಲಿಯ ಹಕ್ಕು ಉಳಿಯುತ್ತದೆ. ಮುಂದೆ ಹಣ ಬಂದಲ್ಲಿ ಬಂದ ವರ್ಷದ ಆದಾಯವೆಂದು ತೋರಿಸಿದರಾಯಿತು. ಆದರೆ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದನ್ನು ಮರೆಯಬಾರದು. ಅವಧಿ ಮುಗಿಯುವ ಮೊದಲೇ ಗಿರಾಕಿಯಿಂದ ಸಹಿ ಮಾಡಿದ ಬಾಕಿ ದೃಢೀಕರಣ ಪತ್ರವನ್ನು ಪಡೆದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷಗಳು ದೊರೆಯುತ್ತವೆ.