ನಾಣ್ಯದ ಬೆಲೆ ಎಲ್ಲಿರುತ್ತದೆ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ನಿಮಿತ್ತ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಹಳೆಯ ನೆನಪುಗಳನ್ನು ಇತರರು ನನಗಿಂತ ಸೊಗಸಾಗಿ ಬರೆಯುವರೆಂದು ಭಾವಿಸಿ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಮಹೋತ್ಸವದ ಅಂಗವಾಗಿ ಕನ್ನಡ ಮಾಧ್ಯಮದ ಬಡ ವಿದ್ಯಾರ್ಥಿಗಳಿಗೆ ನೆರವಾಗಲೆಂದು ದತ್ತಿನಿಧಿಯೊಂದನ್ನು ಸ್ಥಾಪಿಸಲು ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿರುವುದು ಎಲ್ಲರಿಗೂ ತಿಳಿದ ವಿಷಯ. ಆ ನಿಧಿಯ ಒಂದು ಪಾಲನ್ನು ಬ್ಯಾಂಕಿನ ಠೇವಣಿಯ ಬದಲು ಕ್ರಿಪ್ಟೋ ಟೋಕನ್‌ಗಳಲ್ಲಿ ಇರಿಸಿದರೆ ಇಪ್ಪತ್ತು ವರ್ಷಗಳಲ್ಲಿ ಹಲವು ಪಟ್ಟು ಬೆಳೆದೀತೆಂದು ಕೆಲವರು ಸದುದ್ದೇಶದಿಂದಲೇ ಸೂಚಿಸಿದ್ದಾರೆ. ರಾಯದುರ್ಗದ ಉಡುಪು ತಯಾರಿಕಾ ಘಟಕಗಳಲ್ಲಿ ದುಡಿಯುವ ತರುಣರೂ, ಮಡಕಶಿರಾ ಕಡೆಯ ರೇಷ್ಮೆ ಬೆಳೆಗಾರರ ಮಕ್ಕಳೂ ತಮ್ಮ ಉಳಿತಾಯವನ್ನು ಮೊಬೈಲ್ ಮುಖಾಂತರ ಇಂಥವುಗಳಲ್ಲಿ ತೊಡಗಿಸುತ್ತಿದ್ದಾರೆಂದು ಕೇಳಿದ್ದೇನೆ. ಟೋಕನ್ನಿನ ಬೆಲೆ ನಾಳೆ ಏರುವುದೋ ಇಳಿಯುವುದೋ ಎಂಬುದು ಜ್ಯೋತಿಷಿಗಳಿಗೆ ಬಿಟ್ಟ ಮಾತು. ಹತ್ತಿಪ್ಪತ್ತು ವರ್ಷಗಳ ಕಾಲ ಅದರ ಬೆಲೆಯನ್ನು ಹಿಡಿದು ನಿಲ್ಲಿಸತಕ್ಕದ್ದು ಯಾವುದು ಎಂಬುದನ್ನು ಮಾತ್ರ ವಿಚಾರಮಾಡಿ ತಿಳಿಯಬಹುದು.

ಇದಕ್ಕೆ ಉತ್ತರ ಹುಡುಕಲು ನಾವು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ನಮ್ಮ ಸೀಮೆಯಲ್ಲಿಯೇ ನಾಣ್ಯಗಳು ಹುಟ್ಟಿ, ಬಾಳಿ, ಅಳಿದ ದೀರ್ಘ ಚರಿತ್ರೆಯಿದೆ. ಇಂದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಹೋಗಿರುವ ಮಡಕಶಿರಾ ಸೀಮೆಯ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತು: ದೇಗುಲದ ನಂದಾದೀಪಕ್ಕೆಂದು ಇಂತಿಷ್ಟು ಗದ್ಯಾಣ ಬಿಟ್ಟರು, ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ಧರ್ಮ ನಡೆಯತಕ್ಕದ್ದು ಎಂಬ ಒಕ್ಕಣೆ ಅವುಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕೆಲವು ಶಾಸನಗಳು ಬರಿದೆ ಗದ್ಯಾಣವೆನ್ನದೆ ಲೊಕ್ಕಿ ಗದ್ಯಾಣವೆಂದು ಹೆಸರಿಟ್ಟು ಹೇಳುತ್ತವೆ. ಲೊಕ್ಕಿಗುಂಡಿ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿ, ಅಲ್ಲಿ ಠಂಕಸಾಲೆಯಿತ್ತು. ದಾನಿಯು ನಾಣ್ಯದ ಸಂಖ್ಯೆಯ ಜೊತೆಗೆ ಅದು ಯಾರ ಕಮ್ಮಟದ್ದು ಎಂಬುದನ್ನೂ ಕಲ್ಲಿನಲ್ಲಿ ಕಂಡರಿಸಿದ್ದಾನೆಂದರೆ, ಆ ಕಾಲದವರು ನಮಗಿಂತ ಎಚ್ಚರಿಕೆಯವರಾಗಿದ್ದರು ಎನ್ನಬೇಕು.

ಗದ್ಯಾಣದ ತರುವಾಯ ವರಾಹದ ಕಾಲ. ವಿಜಯನಗರದ ವರಾಹವು ಸುಮಾರು 3.4 ಗ್ರಾಂ ತೂಕದ ಚಿನ್ನದ ನಾಣ್ಯ. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಭಾಗವಾದ ಪಣ ಎಂದು ಲೆಕ್ಕ ಬರೆದಿಟ್ಟು, ಇವುಗಳಲ್ಲಿ ಪಣವೇ ಹೆಚ್ಚು ಬಳಕೆಗೆ ಬರುವುದೆಂದು ತಿಳಿಸಿದ್ದಾನೆ. ನಾವು ದಿನಬೆಳಗಾದರೆ ಉಚ್ಚರಿಸುವ ‘ಹಣ’ವೆಂಬ ಪದ ಈ ಪಣದಿಂದಲೇ ಬಂದದ್ದು.

1565ರಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ಸಾಮ್ರಾಜ್ಯ ಕುಸಿಯಿತು. ಆದರೆ ವರಾಹ ಕುಸಿಯಲಿಲ್ಲ. ಇಕ್ಕೇರಿಯ ನಾಯಕರು ವಿಜಯನಗರದ ಮಾದರಿಯಲ್ಲಿಯೇ ಶಿವಪಾರ್ವತಿಯರ ಮುದ್ರೆಯೊತ್ತಿ ವರಾಹವನ್ನು ಹೊರಡಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಏನು ಮಾಡಿದನೆಂಬುದು ಇನ್ನೂ ಸ್ವಾರಸ್ಯಕರ. ಅವನು ನಾಣ್ಯದ ಒಂದು ಮುಖದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಒತ್ತಿಸಿದನು. ವರ್ತಕರ ಕಣ್ಣು ಒಗ್ಗಿಹೋಗಿದ್ದ ಮುದ್ರೆಯನ್ನು ಕೆಡಿಸಿದರೆ ನಾಣ್ಯ ಓಡದೆಂಬುದು ಆ ಜಾಣನಿಗೆ ತಿಳಿದಿತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638-1659) ಹೊರಡಿಸಿದ ಪುಟ್ಟ ಚಿನ್ನದ ಪಣದ ಕಥೆಯೂ ಹೀಗೆಯೇ. ಅವರು ಗತಿಸಿ ನೂರನಲವತ್ತು ವರ್ಷಗಳಾದ ಮೇಲೆ, 1799ರಲ್ಲಿ ಟೀಪುವಿನ ರಾಜ್ಯವನ್ನು ಹಂಚಿಕೊಂಡ ಒಪ್ಪಂದದ ಪಟ್ಟಿಗಳಲ್ಲಿ ಸೀಮೆಗಳ ಹುಟ್ಟುವಳಿಯನ್ನು ಬರೆದದ್ದು ಕಂಠೀರವ ವರಾಹಗಳಲ್ಲಿ, ಅಂದರೆ ಹತ್ತು ಕಂಠೀರವ ಪಣಕ್ಕೆ ಒಂದು ವರಾಹವೆಂಬ ಲೆಕ್ಕದಲ್ಲಿ. ಅರಸನಿಲ್ಲದಿದ್ದರೂ ಅವನ ನಾಣ್ಯ ಅಳತೆಗೋಲಾಗಿ ಉಳಿದಿತ್ತು.

ಹೀಗೆ ಬಾಳಲು ಕಾರಣಗಳೇನು? ಮೊದಲನೆಯದಾಗಿ, ಕಂದಾಯ, ಸುಂಕಗಳನ್ನು ಆ ನಾಣ್ಯದಲ್ಲಿ ಸಲ್ಲಿಸಬಹುದಾಗಿತ್ತು. ಆದ್ದರಿಂದ ಯಾವಾಗಲೂ ಅದು ಬೇಕಾದವರು ಇದ್ದೇ ಇದ್ದರು. ಜೊತೆಗೆ, ಚಿನ್ನವಿಲ್ಲದೆ ಅದನ್ನು ಟಂಕಿಸಲು ಬರುತ್ತಿರಲಿಲ್ಲವಾದ್ದರಿಂದ ಯಾವ ಅರಸನೂ ಮನಬಂದಷ್ಟು ಹೆಚ್ಚಿಸಲಾರದವನಾಗಿದ್ದನು. ಮುದ್ರೆಯ ಮೇಲಣ ನಂಬಿಕೆ ಈ ಎರಡರ ಫಲವಾಗಿ ನಿಧಾನವಾಗಿ ಬೆಳೆದದ್ದು.

ಇನ್ನು ವರಾಹದ ಅಂತ್ಯ. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು 1800ರಲ್ಲಿ ನಿಜಾಮನಿಂದ ಕಂಪನಿಗೆ ದತ್ತವಾದವು; ಮನ್ರೋ ಸಾಹೇಬನು ಇಲ್ಲಿ ಕಂದಾಯದ ಏರ್ಪಾಟು ಮಾಡಿದನು. ಮದರಾಸಿನಲ್ಲಿ ಕಂಪನಿಯೂ ವರಾಹವನ್ನೇ ಟಂಕಿಸುತ್ತಿತ್ತು. 80 ಕಾಸಿಗೆ ಒಂದು ಪಣ, 42 ಪಣಕ್ಕೆ ಒಂದು ವರಾಹ ಎಂಬ ಲೆಕ್ಕವನ್ನು ಅಂದಿನ ಮಕ್ಕಳು ಹೇಗೆ ಕಂಠಪಾಠ ಮಾಡಿದರೋ ಎಂದು ಉಪಾಧ್ಯಾಯನಾದ ನನಗೆ ಕನಿಕರವಾಗುತ್ತದೆ. 1818ರಲ್ಲಿ ಕಂಪನಿಯು ಮದರಾಸು ಪ್ರಾಂತದಲ್ಲಿ ಬೆಳ್ಳಿಯ ರೂಪಾಯಿಯನ್ನೇ ಪ್ರಮಾಣ ನಾಣ್ಯವನ್ನಾಗಿ ಮಾಡಿತು. ಶತಮಾನಗಳ ಪ್ರತಿಷ್ಠೆಯಿದ್ದ ವರಾಹಕ್ಕೆ ಕ್ರಮೇಣ ನಾಣ್ಯವೆಂಬ ಬೆಲೆ ಹೋಯಿತು. ಆದರೆ ವರಾಹವನ್ನು ಕೂಡಿಟ್ಟವನು ಭಿಕಾರಿಯಾಗಲಿಲ್ಲ. ಅಕ್ಕಸಾಲೆಯ ತಕ್ಕಡಿಯಲ್ಲಿ ಚಿನ್ನದ ತೂಕ ಉಳಿದಿತ್ತು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಕಾಗದದ ನೋಟಿಗೆ ಅಂಥ ತೂಕವಿಲ್ಲ. 1978ರಲ್ಲಿ ದೊಡ್ಡ ನೋಟುಗಳನ್ನೂ, 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಗಳ ನೋಟುಗಳನ್ನೂ ರದ್ದುಪಡಿಸಿದಾಗ ಕಾಗದ ಕೇವಲ ಕಾಗದವೇ ಎಂಬುದನ್ನು ಕಂಡೆವು. ಆದರೂ ರೂಪಾಯಿ ನಡೆಯುತ್ತಿರುವುದಕ್ಕೆ ಕಾರಣ, ಅದರ ಹಿಂದೆ ನೂರನಲವತ್ತು ಕೋಟಿ ಜನರ ದೇಶವೊಂದಿದ್ದು, ತೆರಿಗೆಯನ್ನು ಅದರಲ್ಲಿಯೇ ಕೊಡಬೇಕೆಂಬ ಕಾನೂನಿದೆ. ಅದರ ಕೊಳ್ಳುವ ಶಕ್ತಿ ವರ್ಷವರ್ಷವೂ ಕರಗುತ್ತಿದೆಯೆಂಬುದು ನಿಜ. ಟೋಕನ್ನಿನ ಪಕ್ಷದವರು ಎತ್ತುವ ಈ ಆಕ್ಷೇಪಣೆಯನ್ನು ಅಲ್ಲಗಳೆಯಲಾಗದು.

ಈಗ ಬಿಟ್‌ಕಾಯಿನ್‌ಗೆ ಬರೋಣ. ಸತೋಷಿ ನಕಮೋಟೊ ಎಂಬ ಹೆಸರಿನ ಹಿಂದೆ ಮರೆಯಾಗಿರುವ ವ್ಯಕ್ತಿ ಅಥವಾ ವ್ಯಕ್ತಿಗಳು 2009ರ ಜನವರಿಯಲ್ಲಿ ಇದನ್ನು ಆರಂಭಿಸಿದರು. ಇದು ಲೋಹವೂ ಅಲ್ಲ, ಕಾಗದವೂ ಅಲ್ಲ. ಲೋಕದಾದ್ಯಂತ ಸಾವಿರಾರು ಗಣಕಯಂತ್ರಗಳು ಏಕಕಾಲದಲ್ಲಿ ಬರೆದಿಟ್ಟುಕೊಳ್ಳುವ ಒಂದೇ ಖಾತೆಪುಸ್ತಕದಲ್ಲಿನ ನಮೂದು. ಒಟ್ಟು 2 ಕೋಟಿ 10 ಲಕ್ಷ ನಾಣ್ಯಗಳಿಗಿಂತ ಹೆಚ್ಚು ಹುಟ್ಟಬಾರದೆಂಬುದು ಅದರ ನಿಯಮ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಖಾತೆಗೆ ಹೊಸ ಪುಟ ಸೇರಿದಾಗ, ಅದನ್ನು ಸೇರಿಸಿದವರಿಗೆ ಮೊದಲು 50 ನಾಣ್ಯಗಳು ದೊರೆಯುತ್ತಿದ್ದವು. ಅದು 2012ರಲ್ಲಿ 25, 2016ರಲ್ಲಿ 12.5, 2020ರಲ್ಲಿ 6.25, 2024ರಲ್ಲಿ 3.125 ಆಗಿ ಅರ್ಧರ್ಧ ಇಳಿದಿದೆ. ಅರಸನ ದುರಾಸೆಗೆ ಚಿನ್ನ ಹಾಕುತ್ತಿದ್ದ ಕಡಿವಾಣವನ್ನು ಇಲ್ಲಿ ಗಣಿತ ಹಾಕಿದೆ. ಈ ಕಲ್ಪನೆಯ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ವಿರಳವಾದದ್ದೆಲ್ಲ ಬೆಲೆಯುಳ್ಳದ್ದಲ್ಲ. ನನ್ನ ಹಸ್ತಾಕ್ಷರವೂ ವಿರಳವೇ. ಸಂತೆಯಲ್ಲಿ ಅದಕ್ಕೆ ಒಂದು ಹಿಡಿ ಹುಣಸೆಹಣ್ಣೂ ಬಾರದು. ಹುಟ್ಟುವಳಿ ನಿಗದಿಯಾಗಿದ್ದು ಬೇಡಿಕೆ ಮಾತ್ರ ಏರಿಳಿಯುವುದಾದರೆ, ಆ ಏರಿಳಿತವೆಲ್ಲ ಬೆಲೆಯ ಮೇಲೆಯೇ ಬೀಳುತ್ತದೆ. 2021ರ ನವೆಂಬರಿನಲ್ಲಿ ಸುಮಾರು 69 ಸಾವಿರ ಡಾಲರಿಗೆ ಏರಿದ್ದ ಬಿಟ್‌ಕಾಯಿನ್ ಮರುವರ್ಷದ ಅದೇ ತಿಂಗಳಲ್ಲಿ 16 ಸಾವಿರದ ಕೆಳಗಿಳಿದು, 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರನ್ನು ದಾಟಿತು. ಮೇಲಾಗಿ, ಇಂಥದೇ ನಿಯಮದ ಇನ್ನೊಂದು ನಾಣ್ಯವನ್ನು ಯಾರು ಬೇಕಾದರೂ ಹೊಸದಾಗಿ ಹುಟ್ಟಿಸಬಹುದು. ಸಾವಿರಾರು ಮಂದಿ ಹುಟ್ಟಿಸಿಯೂ ಇದ್ದಾರೆ. ನಕಲು ಮಾಡಲಾಗದ್ದು ಒಂದೇ: ಅದನ್ನು ಸ್ವೀಕರಿಸುವ ಜನಸಮೂಹ. ಹೈದರಾಲಿಯು ಶಿವಪಾರ್ವತಿಯರ ಮುದ್ರೆಯನ್ನು ಅಳಿಸದೆ ಉಳಿಸಿದ್ದು ಇದಕ್ಕಾಗಿಯೇ.

ಬಿಟ್‌ಕಾಯಿನ್ ಹೊರತಾದ ಟೋಕನ್‌ಗಳ ವಿಚಾರದಲ್ಲಿ ಇನ್ನಷ್ಟು ಸೂಕ್ಷ್ಮವಾಗಿ ನೋಡಬೇಕು. ‘ನಮ್ಮ ಸೇವೆಯನ್ನು ಪಡೆಯಲು ಈ ಟೋಕನ್ ಅವಶ್ಯ, ಸೇವೆ ಬೆಳೆದಂತೆ ಟೋಕನ್ನಿನ ಬೆಲೆಯೂ ಬೆಳೆಯುತ್ತದೆ’ ಎಂದು ಅವುಗಳ ಪ್ರಚಾರಕರು ಹೇಳುತ್ತಾರೆ. ಇದು ಅರ್ಧಸತ್ಯ. ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ ಟೋಕನ್ನಿನ ಮೂಲಕವೇ ವ್ಯಾಪಾರ ನಡೆಯಬೇಕೆಂಬ ಕಟ್ಟಳೆಯಿದೆಯೆಂದು ಕಲ್ಪಿಸಿಕೊಳ್ಳೋಣ. ದಿನವೊಂದಕ್ಕೆ ಒಂದು ಲಕ್ಷ ರೂಪಾಯಿಗಳ ವ್ಯಾಪಾರ. ಪ್ರತಿ ಟೋಕನ್ನೂ ದಿನಕ್ಕೊಮ್ಮೆ ಮಾತ್ರ ಕೈ ಬದಲಾಯಿಸುವುದಾದರೆ, ಚಲಾವಣೆಯಲ್ಲಿರುವ ಟೋಕನ್‌ಗಳ ಒಟ್ಟು ಬೆಲೆ ಒಂದು ಲಕ್ಷವಾಗಿರಬೇಕು. ಅದೇ ಟೋಕನ್ ದಿನಕ್ಕೆ ಹತ್ತು ಕೈ ಬದಲಾಯಿಸಿದರೆ ಹತ್ತು ಸಾವಿರವೇ ಸಾಕು. ಬಂದವನು ಬೆಳಿಗ್ಗೆ ಕೊಂಡು, ಹಣ್ಣು ಖರೀದಿಸಿ, ಮಾರಿದವನು ತಕ್ಷಣವೇ ಟೋಕನ್ನನ್ನು ರೂಪಾಯಿಗೆ ಬದಲಾಯಿಸಿಕೊಂಡು ಮನೆಗೆ ಹೋಗುವಂತಿದ್ದರೆ, ವ್ಯಾಪಾರ ಎಷ್ಟೇ ಭರ್ಜರಿಯಾಗಿ ನಡೆದರೂ ಟೋಕನ್ನಿನ ಬೆಲೆ ಏರಬೇಕಾದ ಅಗತ್ಯವಿಲ್ಲ. ಬಳಸುವುದಕ್ಕೆ ಕಾರಣವಿದ್ದರೆ ಸಾಲದು, ಕೈಯಲ್ಲಿ ಇರಿಸಿಕೊಳ್ಳುವುದಕ್ಕೂ ಕಾರಣ ಬೇಕು. ಈಥರ್ ಎಂಬ ನಾಣ್ಯದಲ್ಲಿ ಶುಲ್ಕವಾಗಿ ಬಂದದ್ದರ ಒಂದು ಭಾಗವನ್ನು 2021ರ ಆಗಸ್ಟಿನಿಂದ ಸುಟ್ಟುಹಾಕುವ, ಅಂದರೆ ಶಾಶ್ವತವಾಗಿ ಲೆಕ್ಕದಿಂದ ತೆಗೆದುಬಿಡುವ, ಏರ್ಪಾಡು ಮಾಡಿದ್ದು ಬಳಕೆಗೂ ಬೆಲೆಗೂ ಇಂಥ ಕೊಂಡಿಯೊಂದನ್ನು ಕಲ್ಪಿಸಿತು. ಬಹುಪಾಲು ಟೋಕನ್‌ಗಳಲ್ಲಿ ಅಂಥ ಕೊಂಡಿಯೇ ಇಲ್ಲ. ಸಂಸ್ಥೆಗೆ ಲಾಭ ಬಂದರೂ ಟೋಕನ್ ಹಿಡಿದವನಿಗೆ ಪಾಲು ಕೇಳುವ ಹಕ್ಕಿರುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಟ್ಟು 100 ಟೋಕನ್‌ಗಳಲ್ಲಿ 10ನ್ನು ಮಾತ್ರ ಪೇಟೆಗೆ ಬಿಟ್ಟು, ಉಳಿದ 90ನ್ನು ಸ್ಥಾಪಕರೂ ಅವರಿಗೆ ಮೊದಲು ಹಣ ಕೊಟ್ಟವರೂ ಕಣಜದಲ್ಲಿ ಇಟ್ಟುಕೊಂಡಿದ್ದಾರೆನ್ನೋಣ. ಒಂದರ ಬೆಲೆ ಹತ್ತು ರೂಪಾಯಿಯಾದಾಗ ‘ನಮ್ಮ ಒಟ್ಟು ಮೌಲ್ಯ ಸಾವಿರ’ ಎಂದು ಸಾರುತ್ತಾರೆ. ಕಣಜದ ಬಾಗಿಲು ತೆರೆದ ದಿನ ಆ ತೊಂಬತ್ತನ್ನು ಹತ್ತು ರೂಪಾಯಿಗೆ ಕೊಳ್ಳುವವರು ಎಲ್ಲಿದ್ದಾರೆ? ಸುಗ್ಗಿಯಲ್ಲಿ ಕಡಲೆಕಾಯಿಯ ಗತಿ ಏನಾಗುವುದೆಂಬುದನ್ನು ನಮ್ಮ ರೈತರಿಗೆ ನಾನು ವಿವರಿಸಬೇಕಾಗಿಲ್ಲ. ಕಣಜ ಎಂದು ತೆರೆಯುತ್ತದೆಂಬುದನ್ನು ಅನೇಕ ಸಂಸ್ಥೆಗಳು ಮೊದಲೇ ಬರೆದು ಪ್ರಕಟಿಸಿರುತ್ತವೆ, ಓದುವವರು ಕಡಿಮೆ.

2022ರ ಮೇ ತಿಂಗಳಿನಲ್ಲಿ ಟೆರಾ ಎಂಬ ವ್ಯವಸ್ಥೆ ಕುಸಿದ ರೀತಿ ಇಲ್ಲಿ ಪಾಠದಂತಿದೆ. ಅದರಲ್ಲಿ ಎರಡು ನಾಣ್ಯಗಳಿದ್ದವು. ಒಂದು ಯಾವಾಗಲೂ ಒಂದು ಡಾಲರಿಗೆ ಸಮವೆಂದು ಸಾರಲ್ಪಟ್ಟದ್ದು. ಅದನ್ನು ಹಿಂದಿರುಗಿಸಿದವರಿಗೆ ಒಂದು ಡಾಲರಿನಷ್ಟು ಬೆಲೆಯ ಇನ್ನೊಂದು ನಾಣ್ಯವನ್ನು, ಅಂದರೆ ಲೂನಾವನ್ನು, ಹೊಸದಾಗಿ ಸೃಷ್ಟಿಸಿ ಕೊಡುವ ಏರ್ಪಾಡು. ಜನ ಗಾಬರಿಗೊಂಡು ಒಮ್ಮೆಲೇ ಹಿಂದಿರುಗಿಸತೊಡಗಿದಾಗ ಲೂನಾ ಹುಟ್ಟುತ್ತಲೇ ಹೋಯಿತು. ಹುಟ್ಟಿದಂತೆಲ್ಲ ಅದರ ಬೆಲೆ ಇಳಿಯಿತು. ಬೆಲೆ ಇಳಿದಂತೆಲ್ಲ ಇನ್ನೂ ಹೆಚ್ಚು ಹುಟ್ಟಿಸಬೇಕಾಯಿತು. ಸುಮಾರು 35 ಕೋಟಿಯಷ್ಟಿದ್ದ ಲೂನಾಗಳು ಕೆಲವೇ ದಿನಗಳಲ್ಲಿ 6.5 ಲಕ್ಷ ಕೋಟಿಯಾದವು. ಒಂದು ತಿಂಗಳ ಹಿಂದೆ ನೂರು ಡಾಲರನ್ನು ಮೀರಿದ್ದ ಬೆಲೆ ಪೈಸೆಯ ಭಿನ್ನರಾಶಿಗಿಳಿಯಿತು. ಇಲ್ಲಿ ಅಕ್ಕಸಾಲೆಯ ತಕ್ಕಡಿಗೆ ಹಾಕಲು ಏನೂ ಉಳಿದಿರಲಿಲ್ಲ. ವರಾಹಕ್ಕೂ ಟೋಕನ್ನಿಗೂ ಇರುವ ಮೂಲ ಅಂತರ ಇದೇ. ಸ್ವೀಕರಿಸುವವರು ಹೋದರೆ ವರಾಹದಲ್ಲಿ ಲೋಹ ಉಳಿಯುತ್ತದೆ, ಟೋಕನ್ನಿನಲ್ಲಿ ಖಾತೆಯ ನಮೂದು ಮಾತ್ರ ಉಳಿಯುತ್ತದೆ.

ಸರಕಾರಗಳು ಸ್ವೀಕರಿಸಿದರೆ? ಎಲ್ ಸಾಲ್ವಡಾರ್ ದೇಶವು 2021ರ ಸೆಪ್ಟೆಂಬರಿನಲ್ಲಿ ಬಿಟ್‌ಕಾಯಿನ್ನನ್ನು ಶಾಸನಬದ್ಧ ಹಣವನ್ನಾಗಿ ಮಾಡಿತು. ಆದರೆ 2025ರ ಜನವರಿಯಲ್ಲಿ ಕಾನೂನನ್ನು ತಿದ್ದಿ, ವ್ಯಾಪಾರಿಗಳು ಅದನ್ನು ಸ್ವೀಕರಿಸಲೇಬೇಕೆಂಬ ನಿರ್ಬಂಧವನ್ನು ಸಡಿಲಿಸಿತು. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು 2018ರಲ್ಲಿ ಬ್ಯಾಂಕುಗಳಿಗೆ ವಿಧಿಸಿದ್ದ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ 2020ರ ಮಾರ್ಚ್ 4ರಂದು ತಳ್ಳಿಹಾಕಿತು. 2022ರ ಮುಂಗಡಪತ್ರದಲ್ಲಿ ಲಾಭದ ಮೇಲೆ ಶೇಕಡಾ 30ರ ತೆರಿಗೆಯೂ ವರ್ಗಾವಣೆಯ ಮೇಲೆ ಶೇಕಡಾ 1ರ ಕಡಿತವೂ ಬಂದವು. ಅಂದರೆ ಹೊಂದಿರುವುದು ಅಪರಾಧವಲ್ಲ. ಆದರೆ ಅದು ಶಾಸನಬದ್ಧ ಹಣವೂ ಅಲ್ಲ, ಆ ಶೇಕಡಾ 30ನ್ನೂ ರೂಪಾಯಿಯಲ್ಲಿಯೇ ಸಲ್ಲಿಸಬೇಕು.

ದತ್ತಿನಿಧಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ನಮ್ಮ ನಿಧಿಯ ಉದ್ದೇಶ ಪ್ರತಿ ಜೂನ್ ತಿಂಗಳಲ್ಲಿ ಪುಸ್ತಕ, ಶುಲ್ಕಗಳಿಗೆ ಹಣ ಒದಗಿಸುವುದು. ಟೋಕನ್ನನ್ನು ಸುಮ್ಮನೆ ಇರಿಸಿಕೊಂಡರೆ ಬಡ್ಡಿ ಬಾರದು. ಮಾರಿದರೆ ಮಾತ್ರ ಹಣ. 2022ರಂಥ ವರ್ಷದ ಜೂನಿನಲ್ಲಿ ಮಾರಬೇಕಾಗಿ ಬಂದರೆ ಮೂಲಧನವೇ ಕರಗುತ್ತದೆ. 1953ರಲ್ಲಿ ರಾಯದುರ್ಗವನ್ನು ಬಳ್ಳಾರಿಯಿಂದ ಬೇರ್ಪಡಿಸಿ ಆಂಧ್ರಕ್ಕೆ ಸೇರಿಸಿದಂದಿನಿಂದ ಈ ಗಡಿಯಲ್ಲಿ ಕನ್ನಡ ಓದುವ ಮಗುವಿಗೆ ಆಸರೆಗಳು ಹೆಚ್ಚಾಗಿಲ್ಲ. ಇರುವ ಒಂದನ್ನು ಪೇಟೆಯ ಏರಿಳಿತಕ್ಕೆ ಒಡ್ಡಲು ನಾನು ಸಮ್ಮತಿಸಲಾರೆ. ಟೋಕನ್‌ಗಳಿಂದ ಲಾಭ ಪಡೆದಿರುವ ದಾನಿಗಳು ಅವನ್ನು ಮಾರಿ, ತೆರಿಗೆ ಸಲ್ಲಿಸಿ, ರೂಪಾಯಿಯಲ್ಲಿ ಕೊಟ್ಟರೆ ಸಂತೋಷದಿಂದ ಸ್ವೀಕರಿಸಬಹುದು. ಸ್ವಂತ ಹಣ ತೊಡಗಿಸುವವರ ಮಾತು ಬೇರೆ. ಹೋದರೂ ಸಂಸಾರ ನಡೆದೀತೆಂಬಷ್ಟು ಮೊತ್ತವಾದರೆ ಅದು ಅವರವರ ವಿವೇಚನೆ.

ಅಂಥವರ ಮನೆಯವರಿಗೆ ಒಂದು ಮಾತು ಉಳಿದಿದೆ. ಟೋಕನ್‌ಗಳನ್ನು ಸ್ವತಃ ಇರಿಸಿಕೊಂಡವರಿಗೆ ಸಾಮಾನ್ಯವಾಗಿ 12 ಅಥವಾ 24 ಪದಗಳ ಗುಪ್ತ ಸಾಲೊಂದು ದೊರೆಯುತ್ತದೆ. ಈ ಪದಗಳನ್ನು 2048 ಪದಗಳ ನಿಗದಿತ ಪಟ್ಟಿಯಿಂದ ಆರಿಸಿರುತ್ತಾರೆ. ನಮ್ಮವರು ಬಳಸುವುದು ಇಂಗ್ಲಿಷ್ ಪಟ್ಟಿಯನ್ನು. ಫೋನು ಕೆಟ್ಟರೂ ಕಳೆದರೂ ಆ ಪದಗಳನ್ನು ಅದೇ ಕ್ರಮದಲ್ಲಿ ಬರೆದಿಟ್ಟಿದ್ದರೆ ಸೊತ್ತು ಮರಳಿ ಸಿಗುತ್ತದೆ. ಯಜಮಾನನು ಅದನ್ನು ಯಾರಿಗೂ ತಿಳಿಸದೆ ತೀರಿಕೊಂಡರೆ ಯಾವ ಬ್ಯಾಂಕಿನ ಮ್ಯಾನೇಜರನೂ, ಯಾವ ನ್ಯಾಯಾಲಯದ ಆದೇಶವೂ ಅದನ್ನು ತೆರೆಯಲಾರದು. ಗೋಡೆಯಲ್ಲಿ ಹುಗಿದ ವರಾಹದ ಗಡಿಗೆಯಾದರೂ ಮನೆ ಕೆಡವಿದಾಗ ಮೊಮ್ಮಕ್ಕಳ ಕೈಗೆ ಸಿಗುತ್ತಿತ್ತು. ಆ ಪದಗಳನ್ನು ಕಾಗದದ ಮೇಲೆ ಬರೆದು ಮನೆಪತ್ರಗಳ ಜೊತೆಗಿರಿಸಿ, ಅದು ಇರುವ ಸ್ಥಳವನ್ನು ನಂಬಿಕಸ್ಥರಾದ ಒಬ್ಬರಿಗೆ ಹೇಳಿರಬೇಕು. ಫೋನಿನಲ್ಲಿ ಚಿತ್ರ ತೆಗೆದು ಇಡಕೂಡದು.