ಔಷಧವಿಲ್ಲದ ಸೂಜಿ

ಔರಾದ ತಾಲೂಕಿನ ಎಕಂಬಾದಂಥ ಊರುಗಳಲ್ಲಿ ತೊಗರಿ, ಸೋಯಾ ಹೊಲಗಳ ಕಳೆ ತೆಗೆಯುವ ತಾಯಂದಿರು ದಿನವಿಡೀ ಬಾಗಿಯೇ ದುಡಿಯುತ್ತಾರೆ. ಸೊಂಟವೋ ಹೆಗಲೋ ಹಿಡಿದುಕೊಂಡರೆ ನೋವಿನ ಗುಳಿಗೆ ನುಂಗಿ ಮರುದಿನ ಮತ್ತೆ ಹೊಲಕ್ಕೆ ಹೋಗುವುದು ನಮ್ಮ ಮನೆಗಳ ರೂಢಿ. ವರ್ಷಗಟ್ಟಲೆ ನುಂಗಿದ ಗುಳಿಗೆ ಜಠರಕ್ಕೂ ಮೂತ್ರಪಿಂಡಕ್ಕೂ ಕೇಡು ತರಬಲ್ಲದೆಂಬುದನ್ನು ನಾವು ಮರೆಯುತ್ತೇವೆ.

ಇಂಥ ಹಳೆಯ ಸ್ನಾಯುನೋವಿಗೆ ಫಿಸಿಯೋಥೆರಪಿ ತಜ್ಞರು ಬಳಸುವ ಉಪಾಯಗಳಲ್ಲೊಂದು ‘ಡ್ರೈ ನೀಡ್ಲಿಂಗ್’. ನಮ್ಮ ಕಡೆ ಸೂಜಿ ಮಾಡಿಸುವುದೆಂದರೆ ಇಂಜೆಕ್ಷನ್ ಎಂದೇ ಅರ್ಥ; ಇದು ಅದಲ್ಲ. ಇಲ್ಲಿ ಸೂಜಿಯುಂಟು, ಔಷಧವಿಲ್ಲ. ಬಿಗಿದ ಸ್ನಾಯುವಿನಲ್ಲಿ ಒತ್ತಿದರೆ ನೋಯುವ ಗಂಟನ್ನು ಬೆರಳಿನಿಂದ ಗುರುತಿಸಿ, ಅತಿ ತೆಳುವಾದ ಸೂಜಿಯನ್ನು ಅದರೊಳಗೆ ಇಳಿಸುತ್ತಾರೆ. ಸ್ನಾಯು ಒಮ್ಮೆ ತಟಕ್ಕನೆ ಅದುರಿ ಬಳಿಕ ಸಡಿಲಗೊಳ್ಳುವುದುಂಟು. ಚೆಕ್ ವೈದ್ಯ ಕಾರೆಲ್ ಲೆವಿಟ್ ಅವರು 1979ರಲ್ಲಿ 241 ರೋಗಿಗಳ ವಿವರ ಪ್ರಕಟಿಸಿ, ಇಂಜೆಕ್ಷನ್ನಿನ ಗುಣ ಔಷಧದ್ದಷ್ಟೇ ಅಲ್ಲ, ಚುಚ್ಚುವಿಕೆಯದೂ ಹೌದೆಂದು ವಾದಿಸಿದರು. ಸೂಜಿ ಅಕ್ಯುಪಂಕ್ಚರಿನದೇ, ಚುಚ್ಚುವ ಲೆಕ್ಕ ಬೇರೆ.

ಆದರೆ ಇದನ್ನು ಪವಾಡವೆಂದು ನಾವು ಹೇಳಲಾರೆವು. ಉಪಶಮನ ಬಹುಮಟ್ಟಿಗೆ ಕೆಲವು ವಾರಗಳದು; ಆ ಬಿಡುವಿನಲ್ಲಿ ವ್ಯಾಯಾಮ ರೂಢಿಸಿಕೊಂಡವರಿಗೆ ಹೆಚ್ಚಿನ ಪ್ರಯೋಜನ. ಅರಿಯದ ಕೈ ಎದೆ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಆದ್ದರಿಂದ ಮೊದಲು ಅವರ ತರಬೇತಿಯನ್ನು ವಿಚಾರಿಸಿರಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿರಿ. ಗರ್ಭಿಣಿಯರೂ ರಕ್ತ ತೆಳುಗೊಳಿಸುವ ಗುಳಿಗೆ ಸೇವಿಸುವವರೂ ಅದನ್ನು ಮುಂಚೆಯೇ ತಿಳಿಸಬೇಕು. ಬೆನ್ನುನೋವಿನೊಡನೆ ಜ್ವರ, ಕಾಲಿನ ಬಲಹೀನತೆ, ಮೂತ್ರದ ತಡೆ ಕಂಡರೆ ಸೂಜಿಯ ಮಾತು ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿರಿ.